ಶುಕ್ರವಾರದ ಬುತ್ತಿ

ಕಾರು ಮಾರಿದ ವಾರ
ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.
ಮುಂದಿನ ಶುಕ್ರವಾರ ನಸುಕಿಗೆ ನಾನೇ ಎದ್ದು
ಜೋಳದ ಹಿಟ್ಟಿಗೆ ಎಸರಿಟ್ಟೆ.

ರುಸ್ತಾಕಿನ ಈ ಎರಡು ಕೋಣೆಯ ಕೆಳಗೆ ಲಾಂಡ್ರಿ,
ಇಸ್ತ್ರಿಯ ಹಬೆ ಮೆಟ್ಟಿಲು ಹತ್ತಿ ಬರುತ್ತದೆ.
ಅದರ ನಡುವೆ ನನ್ನ ರೊಟ್ಟಿಯ ಸಪ್ಪಳ
ಪಟ ಪಟ ಪಟ.
ಎದುರು ಮನೆಯ ಫಿಲಿಪೀನಿ ನರ್ಸು ಅವತ್ತು ಬಾಗಿಲು ಬಡಿದು
ಯಾರನ್ನು ಹೊಡೆಯುತ್ತಿದ್ದೀರಿ ಎಂದು ಕೇಳಿದ್ದಳು.
ಈಗ ವಾರಕ್ಕೊಂದು ರೊಟ್ಟಿ ಅವಳಿಗೂ ಹೋಗುತ್ತದೆ.

ಹಳೆಯ ದುಪಟ್ಟಾದಲ್ಲಿ ಕಟ್ಟಿದ ಎಂಟು ಖಡಕ್ ರೊಟ್ಟಿ,
ಬಿಸ್ಕಿಟ್ ಡಬ್ಬಿಯಲ್ಲಿ ಶೇಂಗಾ ಹಿಂಡಿ,
ಸುಲಿಯದ ಉಳ್ಳಾಗಡ್ಡಿ ಎರಡು
(ಗುದ್ದಿ ಒಡೆಯುವ ಹಕ್ಕು ಫಕೀರಪ್ಪನದು),
ಲಬನ್ ಬಾಟಲಿ ತೊಳೆದು ತುಂಬಿದ ನೀರು.
ಉಪ್ಪು ಮರೆತೆ.
ಪ್ರತಿಸಲವೂ ಮರೆಯುತ್ತೇನೆ.

ಕೋಟೆಯ ಹಿಂದೆ ಮಣ್ಣುಗೋಡೆಗಳ ಓಣಿ,
ಓಣಿ ಮುಗಿದಲ್ಲಿ ಖರ್ಜೂರದ ತೋಟ.
ಫಲಜ್ ಕಾಲುವೆಯ ಗೇಣಗಲದ ದಂಡೆಯ ಮೇಲೆ
ಇರುವೆಗಳ ಹಾಗೆ ನಾವು, ಒಬ್ಬರ ಹಿಂದೊಬ್ಬರು.
ಶಿವಲೀಲಾ ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು
ನೀರಿನೊಳಗೇ ನಡೆಯುತ್ತಾಳೆ.
ಬೆರಳುದ್ದದ ಮೀನು ಹಿಮ್ಮಡಿ ಕಚ್ಚಿದರೆ ಕಿಲಕಿಲ,
"ಅವ್ವಾ, ಇದಕ್ಕ ಮಾಲ್‌ನಾಗ ಎರಡು ರಿಯಾಲ ತಗೋತಿದ್ರು!"

ಬಡತನ ಚಂದ ಎಂದು ನಾನು ಹೇಳುತ್ತಿಲ್ಲ.
ಬಾಡಿಗೆಯ ದಿನ ಹತ್ತಿರ ಬಂದರೆ ಎದೆ ಹಾರುತ್ತದೆ,
ಮೇ ತಿಂಗಳಲ್ಲಿ ಆ ಕಾರಿನ ತಂಪು ಗಾಳಿ
ಕನಸಿನಲ್ಲಿ ಬಂದು ಮುಖಕ್ಕೆ ಬೀಸುತ್ತದೆ.
ಆದರೆ ಈಗ ಜನವರಿ.
ನಿಂಬೆ ಗಿಡ ಹೂ ಬಿಟ್ಟಿದೆ, ನೋಡಲು ದುಡ್ಡು ಕೇಳುವವರಿಲ್ಲ.

ತೋಟದ ಆಚೆ ಬಯಲಲ್ಲಿ ಒಂದು ಕೋಲು ನೆಟ್ಟಿದೆ.
ಅದರ ನೆರಳು ನೋಡಿ, ಯಾರ ಪಾಲಿಗೆ ಎಷ್ಟು ಹೊತ್ತು ನೀರು ಎಂದು
ಹಿಂದೆ ಲೆಕ್ಕ ಹಾಕುತ್ತಿದ್ದರಂತೆ.
ಈಗ ಎಲ್ಲರ ಕೈಯಲ್ಲೂ ಫೋನಿದೆ,
ಕೋಲನ್ನು ಮಾತ್ರ ಯಾರೂ ಕಿತ್ತಿಲ್ಲ.
ನಮ್ಮ ಕಡೆ ಕಾಲುವೆ ನೀರಿಗೆ ಕೊಡಲಿ ಎತ್ತಿದವರುಂಟು;
ಇಲ್ಲಿ ನೆರಳು ಹೇಳಿತು, ಮುಗಿಯಿತು.

ಸಿಮೆಂಟ್ ಅಂಗಡಿಯ ಲೆಕ್ಕ ಬರೆಯುವ ಫಕೀರಪ್ಪ
ಅದರ ಮುಂದೆ ನಿಂತೇ ಬಿಟ್ಟ.
ಇನ್ನು ಅರ್ಧ ಸಂಬಳ ಎಂದು ಮಾಲೀಕ ಹೇಳಿದಂದಿನಿಂದ
ರಾತ್ರಿ ಮೂರಕ್ಕೆ ಎದ್ದು ಕೂರುವವನು
ನೆರಳಿನ ತುದಿಗೆ ಒಂದು ಬೆಣಚುಕಲ್ಲಿಟ್ಟು
"ನೋಡೂಣು, ಉಂಡು ಏಳೂದ್ರಾಗ ಎಷ್ಟು ಸರೀತದ" ಅಂದ.

ತೋಟ ನೋಡುವ ಮಫೀಜ್ ಬರಿಸಾಲದವನು.
ಬಟ್ಟೆ ಸುತ್ತಿದ ಕಲ್ಲನ್ನು ಕಾಲುವೆ ಬಾಯಿಂದ ಕಿತ್ತ,
ನೀರು ಮೇವಿನ ಮಡಿಗೆ ಓಡಿತು.
ನಮ್ಮನ್ನು ನೋಡಿ, ಬುತ್ತಿ ನೋಡಿ,
ಲುಂಗಿಯ ಗಂಟು ಬಿಚ್ಚಿ ಕಾಗದದ ಪೊಟ್ಟಣ ಚಾಚಿದ:
ಉಪ್ಪು.
ರೊಟ್ಟಿಯನ್ನು ಉಗುರಿನಿಂದ ಟಕ್ ಟಕ್ ಬಡಿದು ಪರೀಕ್ಷಿಸಿ
ಮೂರು ತಿಂದ.
ತನ್ನ ಹಿಂದಿಯಲ್ಲಿ ತೀರ್ಪು ಕೊಟ್ಟ:
ಎಲ್ಲ ಸರಿ, ಮೀನೊಂದು ಇರಬೇಕಿತ್ತು.
ಶಿವಲೀಲಾ ಎರಡೂ ಕೈ ಚಾಚಿ ಕಾಲುವೆಗೆ ಅಡ್ಡ ನಿಂತಳು.

ನಗು ಮುಗಿದು ತಿರುಗಿ ನೋಡಿದರೆ
ಖರ್ಜೂರದ ಬೊಡ್ಡೆಗೆ ತಲೆ ಕೊಟ್ಟು, ಬಾಯಿ ತೆರೆದು
ನಿದ್ದೆ ಹೋಗಿದ್ದಾನೆ ಫಕೀರಪ್ಪ,
ಕೈಯಲ್ಲಿ ಅರ್ಧ ಉಳ್ಳಾಗಡ್ಡಿ.
ನೆರಳು ಕಲ್ಲು ದಾಟಿ ಎಷ್ಟೋ ಹೊತ್ತಾಗಿತ್ತು.
ಎಬ್ಬಿಸಲಿಲ್ಲ.

ಸರದಿ ಮುಗಿದು ಮಫೀಜ್ ಕಲ್ಲು ತುರುಕಿದ,
ನೀರು ಪಕ್ಕದ ತೋಟಕ್ಕೆ ಹೊರಟಿತು.
ದುಪಟ್ಟಾ ಕೊಡವಿದೆ.
ರುಸ್ತಾಕಿನ ಮೀನುಗಳು
ಜೋಳ ತಿಂದವು.