ಕೈಗವಸು

ದೆಹಲಿಯಿಂದ ಶಿಡ್ಲಘಟ್ಟಕ್ಕೆ ಬಂದವರು ನಾಲ್ಕು ಜನ,
ಒಂದು ಕ್ಯಾಮರಾ, ಛತ್ರಿಯಂಥ ಎರಡು ದೀಪ.
ಹೊರದೇಶದ ಮುಸಲ್ಮಾನರಿಗೆ
ನಮ್ಮ ಮುಸಲ್ಮಾನರನ್ನು ತೋರಿಸಬೇಕಿತ್ತು,
ಏಳು ನಿಮಿಷದಲ್ಲಿ.
ನಾನು ರೇಷ್ಮೆ ಇಲಾಖೆಯ ಗುಮಾಸ್ತ.
ದಖ್ಖನಿ ಬರುತ್ತದೆಂಬ ಒಂದೇ ಅರ್ಹತೆಗೆ
ಆವತ್ತು ದುಭಾಷಿ.

ಗೌಸ್ ಪೀರರ ಫಿಲೇಚರು.
ಕುದಿವ ತೊಟ್ಟಿ, ಬೆಂದ ಹುಳುವಿನ ನಾತ.
ನಾತ ಚಿತ್ರದಲ್ಲಿ ಬರುವುದಿಲ್ಲ, ಪುಣ್ಯ ಅಂದರು.
ಬೆರಳು ಬರುತ್ತವಲ್ಲ,
ಬಿಳಚಿ, ತುದಿಯೊಡೆದ ಹತ್ತು ಬೆರಳು!
ಚಿಂತಾಮಣಿಗೆ ಗಾಡಿ ಓಡಿಸಿ
ಹಳದಿ ರಬ್ಬರಿನ ಕೈಗವಸು ತರಿಸಿದರು.

"ಇದನ್ನ ಹಾಕ್ಕೊಂಡ್ರೆ ಎಳೆ ಸಿಗಲ್ಲ ಸಾರ್."
ನಾನು ಹಿಂದಿಗೆ ತಿರುಗಿಸಿದೆ: "ಅಭ್ಯಾಸ ಇಲ್ಲವಂತೆ."
ಅಷ್ಟು ಮೆತ್ತಗೆ ಮಾಡೆಂದು
ನನಗೆ ಯಾರೂ ಹೇಳಿರಲಿಲ್ಲ.

ಸುಖವಾಗಿದ್ದೀರಾ ಎಂದು ಮೂರು ಸಲ ಕೇಳಿದರು.
ಮೊದಲ ಸಲ ಗೂಡಿನ ರೇಟು ಹೇಳಿದರು ಗೌಸ್ ಪೀರ್.
ಎರಡನೇ ಸಲ, ನರ್ಸಿಂಗ್ ಓದುವ ಮಗಳು ಫರ್ಹತ್‌ಗೆ
ಎಲ್ಲೂ ಬಾಡಿಗೆಗೆ ಕೋಣೆ ಸಿಗದ್ದು.
ಮೂರನೇ ಸಲ ಸುಮ್ಮನೆ ನಕ್ಕರು.
ನಗು ಉಳಿಸಿಕೊಂಡರು,
ಹಿಂದೆ, ನಮ್ಮ ಬೀದಿ ಎಂದೂ ಕೇಳದ
ಯಾವುದೋ ತಂತಿವಾದ್ಯ ಹಾಕಿದರು.

ಐದು ತಿಂಗಳಾದ ಮೇಲೆ ಒಂದು ಕಾಗದ.
ದೂತಾವಾಸದಿಂದ ದೆಹಲಿ, ದೆಹಲಿಯಿಂದ ಬೆಂಗಳೂರು,
ಚಿಕ್ಕಬಳ್ಳಾಪುರದಲ್ಲಿ ಸೀಲು ಬಿದ್ದು ನನ್ನ ಮೇಜಿಗೆ:
ಉಜ್ಬೇಕಿಸ್ತಾನದ ಮಾರ್ಗಿಲಾನ್ ಎಂಬಲ್ಲಿ
ಪ್ರದರ್ಶನ ಮುಗಿದು, ಪ್ರಶ್ನೆಗಳಿವೆಯೇ ಎಂದಾಗ
ಕೊನೇ ಸಾಲಿನಿಂದ ಮುದುಕಿಯೊಬ್ಬರು ಎದ್ದರಂತೆ.
ಧರ್ಮದ ಬಗ್ಗೆ ಕೇಳಿದರೆ ಇರಲಿ ಎಂದು
ಎರಡು ಪುಟ ಉತ್ತರ ಸಿದ್ಧವಿತ್ತು.
ಅವರು ಕೇಳಿದ್ದು:
ಗವಸು ತೊಟ್ಟ ಕೈಗೆ ಎಳೆಯ ತುದಿ
ಹೇಗೆ ಸಿಗುತ್ತದೆ?

'ಸೂಕ್ತ ಮಾಹಿತಿ ಒದಗಿಸಲು ಕೋರಿದೆ.'

ಓದಿ ಹೇಳಿದೆ, ಈ ಸಲ ಒಂದಕ್ಷರ ಬಿಡದೆ.
ಗೌಸ್ ಪೀರ್ ಒಲೆ ಸಣ್ಣ ಮಾಡಿದರು.
"ಆಯಮ್ಮನ ಹೆಸರೇನಂತೆ?"
ಕಾಗದದಲ್ಲಿ ಹೆಸರಿಲ್ಲ. 'ಓರ್ವ ವೀಕ್ಷಕಿ.'
"ಅವರ ಬೆರಳೂ ಬೆಂದಿರಬೇಕು," ಎಂದು
ತೊಟ್ಟಿಗೆ ಕೈಯಿಳಿಸಿ, ತಡವಿ,
ಕಣ್ಣಿಗೆ ಕಾಣದಷ್ಟು ಸಣ್ಣದೊಂದು ತುದಿ ಹಿಡಿದು
ನನ್ನ ಬೆರಳಿಗೆ ಸುತ್ತಿದರು.
"ಇದನ್ನ ಕಳ್ಸಿ."

ಕಡತದೊಳಗೆ ಗುಂಡುಸೂಜಿಗೆ ಸುತ್ತಿಟ್ಟಿದ್ದೇನೆ.
ಲಗತ್ತು: ಒಂದು, ಎಂದು ಬರೆದದ್ದಷ್ಟೆ,
ಮೇಲಿನ ಹಾಳೆ ಇನ್ನೂ ಖಾಲಿ.

ಕೈಗವಸಿನ ಒಂದು ಬೆರಳು ಕತ್ತರಿಸಿ
ಗೌಸ್ ಪೀರರ ಹೆಂಡತಿ ಹಿತ್ತಲ ನಲ್ಲಿಗೆ ಕಟ್ಟಿದ್ದಾರೆ.
ಸೋರುತ್ತಿಲ್ಲ ಈಗ.