ಹತ್ತಕ್ಕೆ ಎಷ್ಟು

ಶಿವಮೊಗ್ಗೆಯ ಮೌಲ್ಯಮಾಪನ ಕೇಂದ್ರ, ಮೂರನೇ ಕೊಠಡಿ.
ಬೆಳಗಿನಿಂದ ಇಪ್ಪತ್ತೆರಡು ಪತ್ರಿಕೆ ಮುಗಿದಿವೆ.
ಇದು ಇಪ್ಪತ್ಮೂರು. ಹೆಸರಿನ ಚೀಟಿ ಹರಿದು ತೆಗೆದಿದ್ದಾರೆ,
ಉಳಿದದ್ದು ಒಂದು ಸಂಖ್ಯೆ, ಎಡಕ್ಕೆ ವಾಲಿದ ಅಕ್ಷರ.

ಪ್ರಶ್ನೆ: ‘ಕೈ ಕೆಸರಾದರೆ ಬಾಯಿ ಮೊಸರು’. ವಿಶ್ಲೇಷಿಸಿ.
ಮಾದರಿ ಉತ್ತರ ಬಲಗಡೆ, ಗುಂಡುಪಿನ್ನು ಚುಚ್ಚಿಕೊಂಡು ಕೂತಿದೆ:
ಶ್ರಮದ ಮಹಿಮೆಗೆ ಎರಡು, ನಿದರ್ಶನಕ್ಕೆ ಮೂರು,
ಭಾಷೆಗೆ ಮೂರು, ಸಮಾರೋಪಕ್ಕೆ ಎರಡು.

ಈ ಮಗು ಪೀಠಿಕೆಯನ್ನೇ ಹಾಕಿಲ್ಲ. ಮೊದಲ ಸಾಲೇ ಹೀಗೆ:
‘ಕೈ ಯಾರದು, ಬಾಯಿ ಯಾರದು ಅಂತ ಗಾದೆ ಹೇಳುವುದಿಲ್ಲ.’

ಪೆನ್ನು ಎತ್ತಿ ಹಿಡಿದೆ. ಓದಿದೆ.
ಗಾಜನೂರಿನ ಕಡೆ ಯಾವುದೋ ಗದ್ದೆ, ನಟ್ಟಿಯ ದಿನ,
ಹದಿನೇಳು ಹೆಂಗಸರು, ಮೂವತ್ತನಾಲ್ಕು ಕೈ
(ಲೆಕ್ಕ ಸರಿಯಿದೆ).
ಮಧ್ಯಾಹ್ನ ಬದುವಿನ ಮೇಲೆ ಮಜ್ಜಿಗೆ. ‘ಮೊಸರಲ್ಲ’
ಎಂಬುದಕ್ಕೆ ಅಡಿಗೆರೆ ಎರಡು.
ಮೊಸರಿನ ಗಡಿಗೆ ಯಜಮಾನರ ಮನೆಯಲ್ಲಿ, ಅವರ ಕೈಯಲ್ಲಿ ಛತ್ರಿ.

ತಪ್ಪುಗಳೂ ಇವೆ, ಇಲ್ಲ ಅನ್ನಲಾರೆ.
ಹಾಲು ಎಲ್ಲ ಕಡೆ ಆಲು. ನಾಲ್ಕು ಸಲ ಸುತ್ತು ಹಾಕಿದೆ.
ಎರಡನೇ ಪುಟ ಮೊದಲ ಪುಟದ ಸಿಟ್ಟನ್ನೇ ಇನ್ನೊಮ್ಮೆ ಮಾಡುತ್ತದೆ.
‘ಆದ್ದರಿಂದ ಎಲ್ಲ ಗಾದೆಗಳೂ ಸುಳ್ಳು.’
ಒಂದು ಗದ್ದೆಯಿಂದ ಇಡೀ ಲೋಕಕ್ಕೆ ಜಿಗಿತ, ನಡುವೆ ಬದುವೇ ಇಲ್ಲ.
ತನ್ನ ಗದ್ದೆ ತಾನೇ ಉಳುವವರೂ ಇದ್ದಾರೆ,
ಅವರ ಬಗ್ಗೆ ಒಂದು ಮಾತು ಬೇಕಿತ್ತು ಕಣೋ,
ಅಥವಾ ಕಣೇ.

ಆಮೇಲೆ, ಕೊನೆಯಿಂದ ಮೂರನೇ ಸಾಲು:
‘ಗಾದೆ ಮಾಡಿದವರು ಕೈ ತೊಳೆದುಕೊಂಡು ಮಾಡಿರಬೇಕು.’

ಪಕ್ಕದ ಜಬೀನಾ ಮೇಡಂಗೆ ತೋರಿಸಿದೆ. ಎರಡು ಸಲ ಓದಿದರು.
‘ಎಂಟು ಕೊಡಿ’ ಅಂದರು.
ಮುಖ್ಯ ಮೌಲ್ಯಮಾಪಕ ಹಾಲೇಶಪ್ಪನವರು ಕನ್ನಡಕ ಹಣೆಗೇರಿಸಿ
‘ಶ್ರಮದ ಮಹಿಮೆ ಎಲ್ಲಿದೆ, ತೋರಿಸಿ. ಸಮಾರೋಪ?’
ನಿಜ. ಪ್ರಬಂಧ ಮುಗಿದಿಲ್ಲ, ಗಂಟೆ ಹೊಡೆದಿದೆ ಅಷ್ಟೆ.
ಕೊನೆಯ ವಾಕ್ಯಕ್ಕೆ ಕ್ರಿಯಾಪದವಿಲ್ಲ:
‘ನಮ್ಮಮ್ಮನ ಉಗುರಿನ ಸಂದಿಯಲ್ಲಿ ಇನ್ನೂ’

ಅಂಚಿನಲ್ಲಿ ಏನೂ ಬರೆಯುವಂತಿಲ್ಲ, ನಿಯಮ.
ಇಲ್ಲದಿದ್ದರೆ ಬರೆಯುತ್ತಿದ್ದೆ: ಇನ್ನೂ, ಏನು?
ಆರೂವರೆ ಹಾಕಿದೆ. ಹೊಡೆದೆ. ಏಳು.
ತಿದ್ದಿದ್ದಕ್ಕೆ ಪಕ್ಕದಲ್ಲಿ ಸಹಿ.

ಊಟದ ಬಿಡುವು. ಡಬ್ಬಿಯಲ್ಲಿ ಮೊಸರನ್ನ.
ಕಲಸಿದ್ದು ನಾನೇ. ಅಕ್ಕಿ ಎಲ್ಲಿಯದೋ ಗೊತ್ತಿಲ್ಲ.

ಬಂದು ಕೂತರೆ ಇಪ್ಪತ್ನಾಲ್ಕನೆಯದು, ಗುಂಡಗಿನ ಅಕ್ಷರ,
‘ದುಡಿಮೆಯೇ ದೇವರು’ ಎಂದು ಶುರು. ಎಲ್ಲ ಅಂಶವೂ ಇದೆ.
ಒಂಬತ್ತು. ಒಂದು ನಿಮಿಷವೂ ಹಿಡಿಯಲಿಲ್ಲ.