ಮೊಣಕಾಲು ಕೂಡುವ ತನಕ

ಕೂಡ್ರಿ ಮಾಣಿಕಪ್ಪ ಸಾವ್ಕಾರ್ರ,
ಹೊರಸಿನ ಮ್ಯಾಲ ಕುದುರಿ ಕೂದಲ ಅದ, ಝಾಡಿಸಿ ಕೂಡ್ರಿ.
ಹುಮನಾಬಾದದಿಂದ ಈ ಬಿಸಲಾಗ ಬಂದೀರಿ.
ಚಹಾ ಬರತದ. ಮಾತು ಆಮ್ಯಾಲ.

ಹೌದು, ಅದೇ ನಿಮ್ಮ ಮರಿ.
ಅಷ್ಟೂರಿನ ಗುಮ್ಮಟದ ನೆರಳು ಸರಿದಂಗ
ತಾನೂ ಸರಿದು ಸರಿದು ನಿಲ್ಲತದ.
ಹೊತ್ತು ನೋಡಲಿಕ್ಕ ನನಗ ಈಗ ಗಡಿಯಾರ ಬ್ಯಾಡ.

ಈ ದೀಪಾವಳಿಗೇ ಅಂಗಳಕ್ಕ ಇಳಿಸು ಅಂತೀರಿ.
ನಿಂತಲ್ಲೇ ಗಿರಕಿ, ಓಡಿ ಬಂದು ಜಾರಿ ನಿಲ್ಲೋದು,
ಧೂಳು ಏಳಬೇಕು, ಮಂದಿ ಸೀಟಿ ಹೊಡೀಬೇಕು.
ಹೊಡೀತಾರ. ಖರೆ.
ಇಲ್ಲಿ ಕೈ ಕೊಡ್ರಿ. ಒದೆಯಂಗಿಲ್ಲ, ಅಂಜಬ್ಯಾಡ್ರಿ.
ಮೊಣಕಾಲಿನ ಮ್ಯಾಲ. ಇನ್ನೊಂದೀಟು. ಹಾಂ.
ಬೆರಳಿಗೆ ಉಬ್ಬು ಹತ್ತಿತಲ್ಲ?
ಎಲುಬು ಇನ್ನೂ ಕೂಡಿಲ್ಲ.
ಹಂಚಿನ ಮ್ಯಾಲಿನ ಹಸಿ ರೊಟ್ಟಿ ಅದು,
ಈಗ ಎತ್ತಿದರ ಕೈಯಾಗ ಅರ್ಧ, ಹಂಚಿನಾಗ ಅರ್ಧ.

ಆರು ತಿಂಗಳು ಏನು ಕಲಿಸಿದಿ ಅಂತ ಕೇಳತೀರಿ.
ನಿಲ್ಲೋದು ಕಲಿಸೀನಿ.
ನಗಬ್ಯಾಡ್ರಿ. ಓಡೋದು ಅದಕ್ಕ ಅವರವ್ವನೇ ಕಲಿಸ್ಯಾಳ,
ನಿಲ್ಲೋದು ಮನಷ್ಯಾನೇ ಕಲಿಸಬೇಕು.
ಹಗ್ಗ ಸಡಿಲ ಬಿಟ್ಟು, "ಬಸ್" ಅಂತ ಮೆಲ್ಲಗ.
ಮೊದಲ ವಾರ ನಾನು ಅಂದೆ, ಅದು ಕೇಳಲಿಲ್ಲ.
ಎರಡನೇ ವಾರ ಕಿವಿ ಒಂದೇ ಕೇಳಿತು.
ಈಗ ಮಗಳು ತಸ್ಕೀನ್ ಅಡಗಿ ಮನ್ಯಾಗ
ತಮ್ಮಗ ಬಡಿಸಿ "ಬಸ್ಸಾ?" ಅಂದರ ಸೈತ
ಇಲ್ಲಿ ಇದು ನಾಲ್ಕೂ ಕಾಲು ಊರತದ.

ಮತ್ತ ಎಂಟು ಬಿಡಿಸತೀವಿ, ನಡಿಗ್ಯಾಗ, ದಿನಾ ಹತ್ತು ಮಿಂಟು.
ಇಂಗ್ಲಿಷ್ ಎಂಟು. ನಮ್ಮ ೮ ಅಲ್ಲ.
ನಮ್ಮ ಎಂಟು ಬಾಯಿ ತೆರಕೊಂಡೇ ಇರತದ,
ಅದರಾಗಿಂದ ಕುದುರಿ ಹೊಲಕ್ಕ ಹೋಗಿಬಿಡತದ.
ಒಮ್ಮೆ ಹೋಗ್ಯದ ಕೂಡ, ಶಿವಮೂರ್ತಿಯ ಕಡಲಿ ಹೊಲಕ್ಕ.
ದಂಡ ನಾನೇ ಕೊಟ್ಟೀನಿ, ನಿಮ್ಮ ಲೆಕ್ಕಕ್ಕ ಹಚ್ಚಿಲ್ಲ.

ಆ ಗೂಡಿನಾಗ ಏನಿದು ಅಂದ್ರಾ?
ಬಿದ್ರಿ ಕಪ್. ಬೆಳ್ಳಿ ಬಳ್ಳಿ ನೋಡ್ರಿ, ಇನ್ನೂ ಹೊಳೀತದ.
ಒಳಗ ನಾಲಿನ ಮೊಳಿ ಇಡತೀನಿ.
ನನಗ ಆಗ ಇಪ್ಪತ್ತೆರಡು, ಮಸ್ತಾನಿಗೆ ಎರಡು.
ಹನ್ನೊಂದು ಗಿರಕಿ ಹಾಕಿದಳು ಸಾವ್ಕಾರ್ರ,
ಹಿಂದಿನ ಒಂದು ಗೊರಸು ನೆಲ ಬಿಡಲಿಲ್ಲ,
ತಿರುಗಣಿ ಮ್ಯಾಲ ಗಡಗಿ ತಿರುಗಿದಂಗ.
ಯಾರೋ ನನ್ನ ಹೆಗಲ ಮ್ಯಾಲ ಎತ್ತಿದರು.
ಆಕೀನ ಯಾರು ಎತ್ತತಾರ.

ಐದಕ್ಕ ಬೆನ್ನು ಹೋಯಿತು.
ಬೆಳಿಗ್ಗೆ ಕಣಕಿ ಹಾಕಿದರ ಬಗ್ಗಿ ತಿನ್ನಲಿಲ್ಲ,
ಎತ್ತಿ ಹಿಡಿದರ ತಿಂದಳು.
ನಾಲ್ಕು ದಿನ ಎತ್ತಿ ಹಿಡಿದೆ.
ಐದನೇ ದಿನ ಜಹೀರಾಬಾದಿನ ಇಟ್ಟಂಗಿ ಭಟ್ಟಿಯವನಿಗೆ ಕೊಟ್ಟೆ.
"ವಯಸ್ಸು?" ಅಂದ.
ಹದಿನಾಲ್ಕು ಅಂದೆ.
ನಂಬಿದ. ಅಷ್ಟು ಮುದುಕಿ ಕಾಣತಿದ್ದಳು.

ಚಹಾ ಆರತದ, ಕುಡೀರಿ.

ಆ ಮೂಲ್ಯಾಗ ನಿಂತಾಳಲ್ಲ, ಕಂದು ಕುದುರಿ,
ಹತ್ತೊಂಬತ್ತು ಆಕಿಗೆ.
ಹೋದ ತಿಂಗಳು ಕಲಬುರಗ್ಯಾಗ ಎರಡನೇ ನಂಬರು.
ಮೂರೂವರೆ ತನಕ ಆಕೀ ಬೆನ್ನ ಮ್ಯಾಲ
ಚೀಲ ಸೈತ ಹೊರಿಸಿರಲಿಲ್ಲ.
ಓಣಿ ಮಂದಿ ಆಗ ಕೇಳತಿದ್ದರು:
ಲಾಡ್ಲೆಸಾಬ, ಕುದುರಿ ಸಾಕೀಯೋ, ಬೀಗರ ಸಾಕೀಯೋ?

ನಿಮ್ಮದು ನಿಮ್ಮ ಮಾಲು. ಇನ್ನೆರಡು ವರ್ಷ ಅಂತೀನಿ ನಾನು,
ಎರಡು ತಿಂಗಳು ಅನ್ನೋರು ಬೀದರಿನಾಗ ಮೂರು ಮಂದಿ ಅದಾರ.
ಒಯ್ಯತೀರಾ?
ಒಯ್ರಿ. ಟೆಂಪೋ ತಂದೇ ಬಂದೀರಿ, ನೋಡೀನಿ.
ತಸ್ಕೀನ್, ಹಗ್ಗ ಬಿಚ್ಚವ್ವ.

ಒಂದೇ ಮಾತು ಸಾವ್ಕಾರ್ರ.
ಇಳಿಸೋವಾಗ ಹಿಂದಕ್ಕ ಇಳಿಸಬ್ಯಾಡ್ರಿ,
ಹಿಂದಕ್ಕ ಹೆಜ್ಜೆ ಇಡೋದು ಇನ್ನೂ ಕಲಿಸಿಲ್ಲ.
ಟೆಂಪೋದಾಗೇ ತಿರುಗಿಸ್ರಿ, ನಿಧಾನ,
ಮಾರಿ ಮುಂದ ಮಾಡಿ ಇಳಿಸ್ರಿ.
ಅಂಜಿದರ "ಬಸ್" ಅನ್ರಿ. ಮೆಲ್ಲಗ.
ನಿಲ್ಲತದ.